ಸುಗ್ಗಿ ಮುಗಿದ ಮೇಲೆ ಸಿಂಫನಿ: ನನ್ನ ಅನುಭವ

"ಹಳ್ಳಿಯವರು ಸಿಂಫನಿಗೆ ಬರಲ್ಲ, ಸುಮ್ಮನೆ ದುಡ್ಡು ದಂಡ" ಅನ್ನೋ ಮಾತನ್ನ ಎರಡು ವರ್ಷ ಕೇಳಿಸಿಕೊಂಡೆ. ಈ ಮಾರ್ಚ್‌ನಲ್ಲಿ ಅಮೆರಿಕದ ಅಯೋವಾ ರಾಜ್ಯದ ಒಂದು ಸಣ್ಣ ಊರಿನ ಹೈಸ್ಕೂಲ್ ಜಿಮ್‌ನಲ್ಲಿ ಹೆಚ್ಚುಕಮ್ಮಿ 300 ಜನ ಕೂತು ಜೆಕ್ ಸಂಗೀತಕಾರ ಡ್ವೋರಾಕ್‌ನ ಒಂಬತ್ತನೇ ಸಿಂಫನಿ (ದೊಡ್ಡ ವಾದ್ಯವೃಂದಕ್ಕೆ ಬರೆದ ನಾಲ್ಕು ಭಾಗದ ಕೃತಿ) ಪೂರ್ತಿ ಕೇಳಿದರು. ಯೂನಿವರ್ಸಿಟಿ ಆರ್ಕೆಸ್ಟ್ರಾದಲ್ಲಿ ನಾನು ಹನ್ನೊಂದು ವರ್ಷದಿಂದ ಸೆಕೆಂಡ್ ವಯಲಿನ್. ಹೊರಗಿನ ಕಾರ್ಯಕ್ರಮಗಳ ಹೊಣೆಯೂ ನನ್ನದೇ.

ಮೊದಲ ಸಲ ಅಕ್ಟೋಬರ್‌ನ ಶುಕ್ರವಾರ ಸಂಜೆ ಇಟ್ಟಿದ್ದೆವು. ಮುಸುಕಿನ ಜೋಳದ ಕಟಾವಿನ ಕಾಲ. ನಡುರಾತ್ರಿವರೆಗೂ ಹೊಲದಲ್ಲಿ ಯಂತ್ರಗಳ ದೀಪ ಉರೀತಿರುತ್ತೆ. ಉಳಿದವರೆಲ್ಲ ಶಾಲೆಯ ಫುಟ್‌ಬಾಲ್ ಮ್ಯಾಚಿಗೆ. ಬಂದವರು 25 ಜನ. ಟ್ರಕ್ಕು, ಬಸ್ಸು ಎಲ್ಲ ಸೇರಿ 900 ಡಾಲರ್ ಹೋಯಿತು. ಮಂಡ್ಯದ ಒಕ್ಕಲು ಮನೆಯಲ್ಲಿ ಹುಟ್ಟಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು, ಇವತ್ತಿಗೂ ಬೇಜಾರಿದೆ.

ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೇ ಪೌರಾಣಿಕ ನಾಟಕ. ಊರಿನವರೇ ಬಣ್ಣ ಹಚ್ಚುತ್ತಾರೆ. ಒಬ್ಬನಿಗೆ ಪಾತ್ರ ಸಿಕ್ಕರೆ ಅವನ ನೆಂಟರಿಷ್ಟರೆಲ್ಲ ಹಾಜರ್. ಅದೇ ಲೆಕ್ಕ ಇಲ್ಲಿಗೂ ಹಾಕಿದೆ. ಇಲ್ಲಿನ ಸಣ್ಣ ಶಾಲೆಗಳಲ್ಲಿ ತಂತಿವಾದ್ಯ ಕಡಿಮೆ, ಊದುವ ಬ್ಯಾಂಡ್ ಮಾತ್ರ ಗಟ್ಟಿ. ಆ ಮಕ್ಕಳನ್ನ ನಮ್ಮ ವಿದ್ಯಾರ್ಥಿಗಳ ಪಕ್ಕದಲ್ಲೇ ಕೂರಿಸಿದೆ.

ಎರಡನೇ ವರ್ಷ ಅದೂ ಕೆಟ್ಟಿತು. ಜಿಮ್‌ನ ಮರದ ನೆಲ, ಬರೀ ಗೋಡೆ, ಆರು ಟ್ರಂಬೋನ್ (ಹಿತ್ತಾಳೆಯ ಊದುವ ವಾದ್ಯ): ವಯಲಿನ್ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಈ ವರ್ಷ ಆ ಶಾಲೆಯದೇ ಕುಸ್ತಿ ಮ್ಯಾಟ್‌ಗಳನ್ನ ಟ್ರಂಬೋನ್ ಮತ್ತು ಟಿಂಪನಿ ಎಂಬ ದೊಡ್ಡ ನಗಾರಿಗಳ ಹಿಂದೆ ನಿಲ್ಲಿಸಿದೆ. ಅಯೋವಾದಲ್ಲಿ ಕುಸ್ತಿ ಮ್ಯಾಟಿಗೆ ಬರವಿಲ್ಲ, ಖರ್ಚು ಸೊನ್ನೆ. ಸದ್ದು ಇಳಿಯಿತು. ಮಕ್ಕಳು ಯಾವ ಬಾರ್‌ನಲ್ಲಿ (ತಾಳದ ಒಂದು ಆವರ್ತ) ಸೇರಬೇಕು, ಎಲ್ಲಿ ಬಿಡಬೇಕು ಅಂತ ಗುರುತು ಹಾಕಿದ ನನ್ನ ಪಾರ್ಟ್‌ಗಳನ್ನ (ಒಂದೊಂದು ವಾದ್ಯದ ಸ್ವರದ ಹಾಳೆಗಳನ್ನ) ಮಾತ್ರ ಯಾರಿಗೂ ಕೊಡಲ್ಲ. ಅದಕ್ಕೆ ಎರಡು ಚಳಿಗಾಲ ತೇಯ್ದಿದ್ದೇನೆ.

ಓಬೋ, ಕ್ಲಾರಿನೆಟ್‌ನಂಥ ಮರದ ಊದುವ ವಾದ್ಯಗಳನ್ನ ಟ್ರಕ್ಕಿಗೆ ಹಾಕಲೇ ಇಲ್ಲ. ಆ ಚಳಿಗೆ ಮರ ಸೀಳುತ್ತೆ. ನುಡಿಸುವವರು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ಬಂದರು.

ಡ್ವೋರಾಕ್‌ನನ್ನೇ ಆರಿಸಿದ್ದಕ್ಕೆ ಕಾರಣವಿದೆ. 1893ರಲ್ಲಿ ಈ ಸಿಂಫನಿಯನ್ನ ನ್ಯೂಯಾರ್ಕ್‌ನಲ್ಲಿ ಮುಗಿಸಿ, ಬೇಸಿಗೆ ಕಳೆಯೋಕೆ ಬಂದಿದ್ದು ಇದೇ ಅಯೋವಾದ ಸ್ಪಿಲ್‌ವಿಲ್‌ಗೆ, ಜೆಕ್ ವಲಸಿಗರ ಊರಿಗೆ. ಅಲ್ಲಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ. ಇದನ್ನ ಹೇಳಿದ್ದೇ ತಡ, ಜೆಕ್ ಮೂಲದ ಮನೆಯವರು ಹಣ್ಣು ತುಂಬಿದ ಬನ್ನು ಬೇಯಿಸಿ ತಂದರು. ಟಿಕೆಟ್ ಇಡಲಿಲ್ಲ, ಬನ್ನಿನ ಪಕ್ಕ ಇಟ್ಟ ಡಬ್ಬಿಯಲ್ಲಿ 1,100 ಡಾಲರ್ ಚಿಲ್ಲರೆ ಬಿತ್ತು. ಹಳೆಯ ಕೃತಿಯಾದ್ದರಿಂದ ಪಾರ್ಟ್‌ಗಳಿಗೆ ಕಾಪಿರೈಟ್ ಖರ್ಚೂ ಇಲ್ಲ. ಟ್ರಕ್ಕು, ಬಸ್ಸಿನ ಖರ್ಚು ಕಳೆದು ಕೈಯಲ್ಲಿ 200 ಉಳಿಯಿತು.

ನಡುವೆ ಇನ್ನೊಂದು ಪ್ರಯೋಗ: ಸಿಂಫನಿಯ ನಿಧಾನದ ಎರಡನೇ ಭಾಗ ಲಾರ್ಗೋದಲ್ಲಿ ಬರುವ ಇಂಗ್ಲಿಷ್ ಹಾರ್ನನ್ನ (ಓಬೋ ಜಾತಿಯ ವಾದ್ಯ) ಹೊರಗಿನ ಕಾರಿಡಾರಿನಿಂದ ನುಡಿಸಿದೆವು. ರಿಹರ್ಸಲ್‌ನಲ್ಲಿ ಮೈ ಜುಮ್ಮೆಂದಿತ್ತು; ಆದರೆ ಶ್ರುತಿ ಇಳಿಯುತ್ತಿತ್ತು, ಕೈಬಿಟ್ಟೆ. ಮತ್ತೆ ನೋಡಬೇಕು.

ಈ ಸಿಂಫನಿಯಲ್ಲಿ ಸಿಂಬಲ್‌ಗೆ ಒಂದೇ ಒಂದು ಪೆಟ್ಟು, ಅದೂ ಕೊನೆಯ ಭಾಗದಲ್ಲಿ. ಅದನ್ನ ಊರಿನ ಹದಿನಾಲ್ಕರ ಹುಡುಗನಿಗೆ ಕೊಟ್ಟೆ. ಮೂರು ಭಾಗ ಮುಗಿಯುವವರೆಗೂ ಕಾದ. ಎದ್ದು ನಿಂತ, ತುಟಿ ಅಲ್ಲಾಡಿಸುತ್ತಾ ಬಾರ್ ಎಣಿಸಿದ, ಎರಡು ತಟ್ಟೆ ಮೆಲ್ಲಗೆ ಸವರಿದಂತೆ ತಾಗಿಸಿ ಎದೆಗೊತ್ತಿಕೊಂಡ. ಮೂರನೇ ಸಾಲಿನಲ್ಲಿ ಅವನ ಅಜ್ಜಿ ಎದ್ದು ನಿಂತಿದ್ದರು.

ಪಕ್ಕದೂರಿನ ಬ್ಯಾಂಡ್ ಮೇಷ್ಟ್ರು ಮುಂದಿನ ಮಾರ್ಚ್‌ಗೆ ಹನ್ನೆರಡು ಮಕ್ಕಳ ಹೆಸರು ಕಳಿಸಿದ್ದಾರೆ. ಐದು ಟ್ರಂಬೋನ್. ಅಲ್ಲಿ ಮ್ಯಾಟ್ ಎಷ್ಟಿವೆ ಅಂತ ಕೇಳಿದ್ದೇನೆ.