ಟೆಕ್ಸಸ್‌ನಲ್ಲಿ ಕರೆಂಟ್ ಕಂಪನಿ ಆರಿಸ್ಕೊಳ್ಳೋದು: ಡಲ್ಲಾಸ್ ಕಡೆ ಹೊಸದಾಗಿ ಬಂದೋರಿಗೆ

ಲೀಸ್ ಸೈನ್ ಮಾಡಿದ್ಮೇಲೆ ಎಷ್ಟೋ ಅಪಾರ್ಟ್‌ಮೆಂಟ್ ಆಫೀಸ್‌ನೋರು ಕೀ ಕೊಡೋ ಮುಂಚೆ ಕೇಳೋದು ಒಂದೇ, ಕರೆಂಟ್ ಯಾವ ಕಂಪನಿ ಹತ್ರ ತಗೊಂಡ್ರಿ, ಅಕೌಂಟ್ ನಂಬರ್ ಕೊಡಿ. ಊರಲ್ಲಿ ಬೆಸ್ಕಾಂ ಏರಿಯಾ ಆದ್ರೆ ಬೆಸ್ಕಾಂ, ಹೆಸ್ಕಾಂ ಏರಿಯಾ ಆದ್ರೆ ಹೆಸ್ಕಾಂ, ಮೀಟರ್ ನೋಡೋರು ಬಂದು ಬಿಲ್ ಕೊಟ್ಟು ಹೋಗ್ತಾರೆ, ಅಷ್ಟೇ ನಮಗೆ ಗೊತ್ತಿರೋದು. ಟೆಕ್ಸಸ್‌ನ ಬಹುಪಾಲು ಜಾಗದಲ್ಲಿ 2002ರ ಜನವರಿಯಿಂದ ಕರೆಂಟ್ ಮಾರೋ ಕಂಪನಿನ ಗ್ರಾಹಕರೇ ಆರಿಸ್ಕೋಬೇಕು, ಹತ್ತಾರು ಕಂಪನಿ, ಒಂದೊಂದರಲ್ಲೂ ಹತ್ತಾರು ಪ್ಲಾನು. ಗಡಿಬಿಡೀಲಿ ಕಣ್ಣಿಗೆ ಬಿದ್ದ ಮೊದಲನೇದನ್ನ ತಗೊಂಡು ವರ್ಷಪೂರ್ತಿ ಜಾಸ್ತಿ ಕಟ್ಟೋ ಕುಟುಂಬಗಳು ತುಂಬಾ ಇವೆ, ಅದಕ್ಕೇ ಇದನ್ನ ಸ್ವಲ್ಪ ಉದ್ದವಾಗೇ ಬರೀತಿದೀವಿ.

ಮೊದಲು ನಿಮ್ಮ ವಿಳಾಸಕ್ಕೆ ಆಯ್ಕೆ ಇದೆಯಾ ನೋಡ್ಕೊಳ್ಳಿ. ಆಸ್ಟಿನ್, ಸ್ಯಾನ್ ಆಂಟೋನಿಯೋದಲ್ಲಿ ಊರಿನದ್ದೇ ಕರೆಂಟ್ ಸಂಸ್ಥೆ, ನಮ್ಮ ಕಡೆ ಡೆಂಟನ್, ಗಾರ್ಲೆಂಡ್‌ಗಳಿಗೂ ತಮ್ಮದೇ ಇವೆ. ಫ್ರಿಸ್ಕೋದಲ್ಲಿ ಕೆಲವು ಬಡಾವಣೆ ಕೋಸರ್ವ್ ಅನ್ನೋ ಸಹಕಾರಿ ಸಂಸ್ಥೆಗೆ ಸೇರತ್ತೆ, ಅಲ್ಲಿ ಬೇರೆ ಕಂಪನಿ ತಗೊಳ್ಳೋಕೆ ಆಗಲ್ಲ, ಪಕ್ಕದ ಬಡಾವಣೇಲಿ ಆಗತ್ತೆ. ಆಫೀಸ್‌ನೋರನ್ನೋ ಮನೆ ಮಾಲೀಕರನ್ನೋ ಕೇಳಿದ್ರೆ ಹೇಳ್ತಾರೆ.

ಇನ್ನೊಂದು ವಿಷಯ ಮೊದಲೇ ತಲೇಲಿ ಇಟ್ಕೊಳ್ಳಿ. ಕಂಬ, ತಂತಿ, ಮೀಟರ್ ಎಲ್ಲಾ ಆನ್‌ಕೋರ್ (Oncor) ಕಂಪನೀದು (ಹ್ಯೂಸ್ಟನ್ ಕಡೆ ಸೆಂಟರ್‌ಪಾಯಿಂಟ್), ನೀವು ಆರಿಸ್ಕೊಳ್ಳೋ ರೀಟೇಲ್ ಕಂಪನಿ ಬರೀ ದರ ಮತ್ತೆ ಬಿಲ್ ನೋಡ್ಕೊಳ್ಳತ್ತೆ. ಅಂದ್ರೆ ಜಾಸ್ತಿ ದುಡ್ಡು ಕೊಟ್ಟು ದೊಡ್ಡ ಹೆಸರಿನ ಕಂಪನಿ ತಗೊಂಡ್ರೆ ಕರೆಂಟ್ ಕಟ್ ಆಗೋದು ಕಡಿಮೆ ಅನ್ನೋದು ಸುಳ್ಳು, ಎಲ್ಲರ ಮನೆಗೂ ಅದೇ ತಂತೀಲೇ ಬರೋದು. ಕರೆಂಟ್ ಹೋದಾಗ ಫೋನ್ ಮಾಡಬೇಕಾಗಿರೋದೂ ತಂತಿ ಕಂಪನಿಗೇ, ಅವರ ನಂಬರ್ ಬಿಲ್ ಮೇಲೇ ಇರತ್ತೆ, ಈಗ್ಲೇ ಸೇವ್ ಮಾಡ್ಕೊಳ್ಳಿ.

ಪ್ಲಾನ್ ಹುಡುಕೋಕೆ ಪವರ್ ಟು ಚೂಸ್ ಅನ್ನೋ ಸೈಟಿಗೆ ಹೋಗಿ, ಅದು ರಾಜ್ಯದ ಪಬ್ಲಿಕ್ ಯುಟಿಲಿಟಿ ಕಮಿಷನ್ ನಡೆಸೋದು, ಜಿಪ್ ಕೋಡ್ ಹಾಕಿದ್ರೆ ಪಟ್ಟಿ ಬರತ್ತೆ. ಆದ್ರೆ ಪಟ್ಟೀಲಿ ಮೇಲೆ ಕಾಣೋ ಕಡಿಮೆ ದರ ನೋಡಿ ಸೈನ್ ಮಾಡ್ಬೇಡಿ, ದಯವಿಟ್ಟು. ಪ್ರತಿ ಪ್ಲಾನಿಗೂ ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್ ಅಂತ ಕಾಗದ ಇರತ್ತೆ, 500, 1000, 2000 ಯೂನಿಟ್ ಬಳಸಿದ್ರೆ ತಂತಿ ಚಾರ್ಜೂ ಸೇರಿ ಯೂನಿಟ್‌ಗೆ ಸರಾಸರಿ ಎಷ್ಟು ಬೀಳತ್ತೆ ಅಂತ ಅದರಲ್ಲಿ ಬರೆದಿರ್ತಾರೆ. ಮೂರನ್ನೂ ನೋಡಿ. ಒಂದು ಲೆಕ್ಕ ಹಾಕೋಣ: ಯೂನಿಟ್‌ಗೆ ಎಲ್ಲಾ ಸೇರಿ 19 ಸೆಂಟ್, 1000 ಯೂನಿಟ್ ಮುಟ್ಟಿದ್ರೆ ಬಿಲ್‌ನಲ್ಲಿ 100 ಡಾಲರ್ ಕಡಿತ ಅನ್ನೋ ಪ್ಲಾನ್ ಇದೆ ಅನ್ಕೊಳ್ಳಿ. ಸರಿಯಾಗಿ 1000 ಯೂನಿಟ್ ಬಳಸಿದ್ರೆ 90 ಡಾಲರ್, ಅಂದ್ರೆ 9 ಸೆಂಟ್, ಪಟ್ಟೀಲಿ ದೊಡ್ಡದಾಗಿ ಕಾಣೋದು ಅದೇ. ಆದ್ರೆ 990 ಬಳಸಿದ ತಿಂಗಳು ಕಡಿತ ಸಿಗಲ್ಲ, 188 ಡಾಲರ್ ಬಿಲ್ಲು, ಹತ್ತು ಯೂನಿಟ್ ಕಡಿಮೆ ಉರಿಸಿದ್ದಕ್ಕೆ ಡಬಲ್‌ಗಿಂತ ಜಾಸ್ತಿ. 2000 ಆದ್ರೆ 280 ಡಾಲರ್, ಸರಾಸರಿ 14 ಸೆಂಟ್. ಇಬ್ಬರೇ ಇರೋ ಒಂದು ಬೆಡ್‌ರೂಮ್ ಮನೇಲಿ ಮಾರ್ಚ್ ನವೆಂಬರ್‌ನಲ್ಲಿ 500 ದಾಟೋದೇ ಕಷ್ಟ, ಅಂಥೋರಿಗೆ ಇಂಥ ಪ್ಲಾನ್ ಖಂಡಿತ ಬೇಡ. ರಾತ್ರಿ ಫ್ರೀ ಅನ್ನೋ ಪ್ಲಾನ್‌ಗಳಲ್ಲೂ ಹಗಲಿನ ದರ ನೋಡಿ, ಜುಲೈ ಮಧ್ಯಾಹ್ನ ಎಸಿ ಹಾಕ್ಕೊಂಡು ಮನೇಲಿ ಮಕ್ಕಳಿದ್ರೆ ಅಲ್ಲೇ ಹೊಡೆತ ಬೀಳೋದು.

ಎಷ್ಟು ಯೂನಿಟ್ ಬೇಕಾಗತ್ತೆ ಅನ್ನೋ ಅಂದಾಜೂ ಊರಿನ ಲೆಕ್ಕದಲ್ಲಿ ಮಾಡ್ಬೇಡಿ. ಕರ್ನಾಟಕದಲ್ಲಿ ಗೃಹಜ್ಯೋತಿಗೆ 200 ಯೂನಿಟ್ ಒಳಗೆ ಇದ್ವಿ ಅಂತ ಖುಷಿಪಟ್ಟೋರು ಇಲ್ಲಿ ದೊಡ್ಡ ಮನೇಲಿ ಆಗಸ್ಟ್‌ನಲ್ಲಿ 2000 ನೋಡ್ತಾರೆ, ಹೀಟರ್ ಕೂಡ ಕರೆಂಟಿಂದೇ ಆದ್ರೆ ಜನವರೀಲೂ ಏರತ್ತೆ. ನಮ್ಮ ಸಲಹೆ, ಫಿಕ್ಸೆಡ್ ದರ, ಕಡಿತ ಗಿಡಿತ ಇಲ್ಲದ ಸಾದಾ ಪ್ಲಾನು, 12 ತಿಂಗಳ ಆಸುಪಾಸಿನದ್ದು ನೋಡಿ, ಮತ್ತೆ ಕಾಂಟ್ರಾಕ್ಟ್ ಬೇಸಿಗೆ ಮಧ್ಯೆ ಮುಗಿಯದ ಹಾಗೆ ತಿಂಗಳು ಲೆಕ್ಕ ಹಾಕಿ ತಗೊಳ್ಳಿ. ಮುಗಿದ್ಮೇಲೆ ಸುಮ್ನಿದ್ರೆ ತಿಂಗಳ ತಿಂಗಳ ದರಕ್ಕೆ ಹೋಗ್ಬಿಡತ್ತೆ, ಅದು ಸಾಮಾನ್ಯವಾಗಿ ದುಬಾರಿ. ಮುಗಿಯೋ ದಿನಕ್ಕೆ 14 ದಿನ ಇರೋವಾಗ್ಲಿಂದ ದಂಡ ಇಲ್ಲದೆ ಬೇರೆ ಕಂಪನಿಗೆ ಹೋಗಬಹುದು, ಫೋನಲ್ಲಿ ಆ ದಿನಕ್ಕೆ ರಿಮೈಂಡರ್ ಹಾಕ್ಕೊಳ್ಳಿ. ಮನೆ ಖಾಲಿ ಮಾಡಿ ಬೇರೆ ಕಡೆ ಹೋಗ್ತಿದ್ರೂ ಹೊಸ ವಿಳಾಸ ಕೊಟ್ರೆ ಕಾಂಟ್ರಾಕ್ಟ್ ಮುರಿದಿದ್ದಕ್ಕೆ ದಂಡ ಹಾಕೋ ಹಾಗಿಲ್ಲ, ಕೇಳಿದ್ರೆ ವಿಳಾಸಕ್ಕೆ ಪುರಾವೆ ತೋರಿಸಿ. ಇದು ಗೊತ್ತಿಲ್ಲದೆ ದಂಡ ಕಟ್ಟೋರನ್ನ ನೋಡಿದ್ರೆ ಬೇಜಾರಾಗತ್ತೆ.

ಫಿಕ್ಸೆಡ್ ಯಾಕೆ ಅಂತ ಇಷ್ಟು ಒತ್ತಿ ಹೇಳ್ತೀವಿ ಅಂದ್ರೆ 2021ರ ಫೆಬ್ರವರಿ ಚಳಿಗಾಳಿ ನೆನಪಿದೆ. ಗ್ರಿಡ್ಡಿ ಅನ್ನೋ ಕಂಪನಿ ಸಗಟು ದರಕ್ಕೇ ಕರೆಂಟ್ ಕೊಡ್ತಿತ್ತು, ಆ ವಾರ ಸಗಟು ದರ ಯೂನಿಟ್‌ಗೆ 9 ಡಾಲರ್‌ಗೆ ಹೋಗಿ ಜನಕ್ಕೆ ಸಾವಿರಾರು ಡಾಲರ್ ಬಿಲ್ ಬಂತು. ಅದೇ ವರ್ಷ ಮನೆಗಳಿಗೆ ಅಂಥ ಪ್ಲಾನ್ ಮಾರೋದನ್ನ ಕಾನೂನು ಮಾಡಿ ನಿಲ್ಲಿಸಿದ್ರು.

ಹೊಸಬರಿಗೆ ದೊಡ್ಡ ತಲೆನೋವು ಡೆಪಾಸಿಟ್ಟು. ಇಲ್ಲಿ ಕ್ರೆಡಿಟ್ ಹಿಸ್ಟರಿ (ಸಾಲ, ಬಿಲ್ ಸರಿಯಾಗಿ ಕಟ್ಟಿದ ದಾಖಲೆ) ಇರಲ್ಲ, ಸೋಷಿಯಲ್ ಸೆಕ್ಯುರಿಟಿ ನಂಬರ್ ಇನ್ನೂ ಬಂದಿರಲ್ಲ, ಅದಕ್ಕೇ ಕಂಪನಿಯೋರು ಡೆಪಾಸಿಟ್ ಕೇಳೋದು. ಪಾಸ್‌ಪೋರ್ಟ್ ಮೇಲೆ ಅಕೌಂಟ್ ತೆಗೀತೀರಾ ಅಂತ ಕಂಪನಿಗೆ ಫೋನ್ ಮಾಡಿ ಕೇಳಿ, ವೆಬ್‌ಸೈಟಲ್ಲಿ ಆಗದೇ ಇರೋದು ಫೋನಲ್ಲಿ ಆಗೋದುಂಟು. ಡೆಪಾಸಿಟ್ ಕಟ್ಟಿದ್ರೆ ರಸೀದಿ ಇಟ್ಕೊಳ್ಳಿ, 12 ತಿಂಗಳು ಬಿಲ್ ತಡ ಮಾಡದೆ ಕಟ್ಟಿದ್ರೆ ಬಡ್ಡಿ ಸಮೇತ ವಾಪಸ್ ಕೊಡಬೇಕು. ಪ್ರೀಪೇಯ್ಡ್ ಪ್ಲಾನಲ್ಲಿ ಡೆಪಾಸಿಟ್ ಇಲ್ಲ, ಆದ್ರೆ ಬ್ಯಾಲೆನ್ಸ್ ಮುಗಿದ್ರೆ ಕರೆಂಟ್ ಬೇಗ ಕಟ್ ಆಗತ್ತೆ, ಪುಟ್ಟ ಮಕ್ಕಳಿರೋ ಮನೆಗೆ ನಾವು ಹೇಳಲ್ಲ.

ಬಾಗಿಲಿಗೆ ಬಂದು ನಿಮ್ಮ ಬಿಲ್ ತೋರಿಸಿ ಅನ್ನೋರಿಗೆ ಬಿಲ್ ತೋರಿಸ್ಬೇಡಿ, ಅದರಲ್ಲಿರೋ ಇಎಸ್‌ಐ ಐಡಿ (ನಿಮ್ಮ ಮನೆ ಕರೆಂಟ್ ಕನೆಕ್ಷನ್ ಗುರುತಿಸೋ ನಂಬರ್) ಅವರಿಗೆ ಬೇಕಾಗಿರೋದು. ಮಾತಿಗೆ ಸೋತು ಕಂಪನಿ ಬದಲಾಯಿಸಿದ್ರೂ ಮೂರು ಕೆಲಸದ ದಿನದೊಳಗೆ ರದ್ದು ಮಾಡೋ ಹಕ್ಕಿದೆ. ಊರಿಂದ ಬಂದಿರೋ ಅಪ್ಪ ಅಮ್ಮ ಹಗಲು ಒಬ್ಬರೇ ಇರ್ತಾರಲ್ಲ, ಅವರಿಗೂ ಇದನ್ನ ಹೇಳಿಡಿ.

ಪ್ಲಾನ್ ಬಗ್ಗೆ ಅನುಮಾನ ಇದ್ರೆ ಆ ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್‌ನ ಫೋಟೋ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗ್ರೂಪಿಗೆ ಹಾಕಿ, ಎಷ್ಟು ಬೆಡ್‌ರೂಮ್, ಹೀಟರ್ ಗ್ಯಾಸಾ ಕರೆಂಟಾ ಅಂತಾನೂ ಬರೀರಿ, ಸೈನ್ ಮಾಡೋ ಮುಂಚೆ ಕೂತು ಲೆಕ್ಕ ಹಾಕಿ ಹೇಳ್ತೀವಿ.