ಜರ್ಮನ್ ಮಾಜಿ ಸೈನಿಕರ ಪದಕ: ದರ್ಜೆ ಗುರುತಿಸಲು ನಾನು ಅನುಸರಿಸುವ ಕ್ರಮ

ಎರಡು ಮಹಾಯುದ್ಧಗಳ ನಡುವಿನ ಜರ್ಮನ್ ಪದಕ ಯಾವುದೇ ಬರಲಿ, ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಇದನ್ನು ಕೊಟ್ಟದ್ದು ಸರ್ಕಾರವೋ, ಸಂಘವೋ? ಇದು ಇತ್ಯರ್ಥವಾಗದೆ ದರ್ಜೆ, ಅರ್ಹತೆ, ಬೆಲೆ ಯಾವುದರ ಮಾತೂ ಎತ್ತುವುದಿಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಪದಕದ ಮೇಲೆ ಕತ್ತಿ, ಎಲೆಮಾಲೆ, 1914–1918 ಎಂಬ ಇಸವಿ ಕಂಡ ಕೂಡಲೇ ಸರ್ಕಾರಿ ಗೌರವ ಎಂದು ಬರೆದುಬಿಡುತ್ತಾರೆ.

ಗೊಂದಲದ ಮೂಲ ಸಂವಿಧಾನದಲ್ಲೇ ಇದೆ. ಯುದ್ಧಾನಂತರ ಹುಟ್ಟಿದ ಜರ್ಮನ್ ಗಣರಾಜ್ಯದ, 1919ರ ಆಗಸ್ಟ್ 11ರ ವೈಮಾರ್ ಸಂವಿಧಾನದ 109ನೇ ವಿಧಿ, ರಾಜ್ಯವು ಪದಕ-ಬಿರುದುಗಳನ್ನು ಕೊಡಕೂಡದು ಎಂದಿತು. ಯುದ್ಧ ಮುಗಿಸಿ ಬಂದ ಲಕ್ಷಾಂತರ ಜನರಿಗೆ ನೆನಪಿನ ಪದಕವೆಂದು ಕೊಡಲು ಸರ್ಕಾರದ ಕೈಯಲ್ಲಿ ಏನೂ ಉಳಿಯಲಿಲ್ಲ. ಆ ಖಾಲಿ ಜಾಗಕ್ಕೆ ಮಾಜಿ ಸೈನಿಕರ ಸಂಘಗಳು ಬಂದವು. ಎಲ್ಲಕ್ಕಿಂತ ದೊಡ್ಡದು ಕಿಫ್‌ಹೊಯ್ಸರ್‌ಬುಂಡ್. ಊರೂರಿನ ಸೈನಿಕ ಸಂಘಗಳ ಮೇಲೆ ಕೂತ ಒಕ್ಕೂಟ ಅದು. 1896ರಲ್ಲಿ ಉದ್ಘಾಟನೆಯಾದ ಕಿಫ್‌ಹೊಯ್ಸರ್ ಗುಡ್ಡದ ಸ್ಮಾರಕದಿಂದ ಹೆಸರು ಪಡೆದದ್ದು. ಅದರ ಯುದ್ಧ ಸ್ಮಾರಕ ಪದಕದ ಮೇಲೆ 'ಬ್ಲಾಂಕ್ ಡೀ ವೇರ್, ರೈನ್ ಡೀ ಏರ್' ಎಂದಿರುತ್ತದೆ. ಆಯುಧ ಥಳಥಳ, ಮಾನ ನಿರ್ಮಲ ಎಂಬರ್ಥ. ಈ ಸಾಲು ಓದಿದರೆ ಸಾಕು, ಸಂಘದ ಕಡತಕ್ಕೆ ಹಾಕುತ್ತೇನೆ.

ಸಂಘದ ಪದಕದಲ್ಲಿ ಅರ್ಹತೆ ಎಂದರೆ ಮುಖ್ಯವಾಗಿ ಎರಡು: ಯುದ್ಧಸೇವೆಗೆ ದಾಖಲೆ, ಮತ್ತು ಪದಕದ ದುಡ್ಡು. ಸದಸ್ಯ ಅರ್ಜಿ ಹಾಕಬೇಕು, ಸೇವಾ ಪುಸ್ತಕ ತೋರಿಸಬೇಕು, ಬೆಲೆ ಕಟ್ಟಿ ಪಡೆಯಬೇಕು. ವರ್ಡನ್, ಸೊಮ್, ಫ್ಲಾಂಡರ್ಸ್ ಎಂದು ಕದನದ ಹೆಸರು ಬರೆದ ಚಿಕ್ಕ ಲೋಹದ ಪಟ್ಟಿಗಳನ್ನು ರಿಬ್ಬನ್ನಿನ ಮೇಲೆ ಸೇರಿಸಿಕೊಳ್ಳಬಹುದಿತ್ತು. ಈ ಪಟ್ಟಿಗಳನ್ನು ಕಂಡು ಮೇಲಿನ ದರ್ಜೆ ಎಂದುಕೊಳ್ಳಬೇಡಿ. ದರ್ಜೆ ಅದೇ, ಪಟ್ಟಿ ಹೇಳುವುದು ಜಾಗ ಮಾತ್ರ. ಪಟ್ಟಿ ಸಡಿಲವಾಗಿ ಓಡಾಡುವಂಥದ್ದು, ಇಂದಿಗೂ ಯಾರು ಬೇಕಾದರೂ ಇನ್ನೆರಡು ಏರಿಸಬಹುದು. ಪ್ರಮಾಣಪತ್ರದಲ್ಲಿ ಕದನಗಳ ಹೆಸರಿದ್ದು, ಪಟ್ಟಿಗಳಿಗೆ ಅದು ಹೊಂದಿದರೆ ಮಾತ್ರ ನಾನು ಜೋಡಿಯೆಂದು ಬರೆಯುವುದು. 25, 40, 50 ವರ್ಷದ ಸದಸ್ಯತ್ವದ ಚಿಹ್ನೆಗಳೂ ಇದೇ ರಾಶಿಯಲ್ಲಿ ಸಿಗುತ್ತವೆ. ಅವು ಸಂಘಕ್ಕೆ ಸಲ್ಲಿಸಿದ ಸೇವೆಯ ಲೆಕ್ಕ, ಕಂದಕದಲ್ಲಿ ಕಳೆದ ದಿನದ್ದಲ್ಲ.

ನಿಜವಾಗಿ ದರ್ಜೆ ಇರುವ ಪದಕ ಹೇಗಿರುತ್ತದೆ ಎಂದು ತಿಳಿಯಲು ನಾನು 'ಸೈಲೀಷಿಯಾದ ಹದ್ದು' ಎಂಬ ಪದಕವನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ; ಸೈಲೀಷಿಯಾ ಆಗ ಜರ್ಮನಿಯ ಪೂರ್ವದ ಗಡಿ ಪ್ರಾಂತ್ಯ. ಇದು ಸಂಘದ್ದಲ್ಲ, 1919ರ ಜೂನ್‌ನಲ್ಲಿ, ಅಂದರೆ ಸಂವಿಧಾನ ಜಾರಿಗೆ ಬರುವ ಮುಂಚೆ, 6ನೇ ಸೇನಾ ಕೋರ್‌ನ ದಂಡನಾಯಕ ಸ್ಥಾಪಿಸಿದ್ದು. ಗಡಿಕಾವಲಿನಲ್ಲಿ 3 ತಿಂಗಳು ಸೇವೆಗೆ ಎರಡನೇ ದರ್ಜೆ, 6 ತಿಂಗಳಿಗೆ ಮೊದಲನೇ ದರ್ಜೆ. ಎರಡನೆಯದು ಹಳದಿ-ಬಿಳಿ ರಿಬ್ಬನ್ನಿನಲ್ಲಿ ತೂಗುತ್ತದೆ, ಮೊದಲನೆಯದಕ್ಕೆ ಹಿಂದೆ ಸೂಜಿ. ಎದೆಗೆ ನೇರ ಚುಚ್ಚುವುದು. ಬುಡದಲ್ಲಿ 'ಫ್ಯೂರ್ ಷ್ಲೇಸಿಯನ್', ಸೈಲೀಷಿಯಾಕ್ಕಾಗಿ ಎಂಬ ಬರಹ. ಹದ್ದಿಗೆ ಕತ್ತಿ, ಎಲೆಮಾಲೆ ಅಂಟಿಸಿದ ನಮೂನೆಗಳೂ ಓಡಾಡುತ್ತವೆ. ಅವನ್ನು 'ವಿಶೇಷ ದರ್ಜೆ' ಎಂದು ಹೇಳಿ ಮಾರುತ್ತಾರೆ. ಅಂಥ ದರ್ಜೆಯೇ ಇಲ್ಲ, ಅವು ಖಾಸಗಿ ಅಲಂಕಾರ.

ಇನ್ನು ಸರ್ಕಾರದ್ದು. 1933ರ ಏಪ್ರಿಲ್ 7ರ ಕಾಯ್ದೆ ಪದಕ ಕೊಡುವ ಅಧಿಕಾರವನ್ನು ರಾಜ್ಯಕ್ಕೆ ಮರಳಿಸಿತು. ಮರುವರ್ಷ, 1934ರ ಜುಲೈ 13ರಂದು, ಅಧ್ಯಕ್ಷ ಹಿಂಡೆನ್‌ಬರ್ಗ್ ಮಹಾಯುದ್ಧದ ಗೌರವ ಶಿಲುಬೆಯನ್ನು ಸ್ಥಾಪಿಸಿದರು. ಸೇವೆಯ ಅವಧಿ 1914ರ ಆಗಸ್ಟ್ 1ರಿಂದ 1918ರ ಡಿಸೆಂಬರ್ 31ರವರೆಗೆ. ಇದರಲ್ಲಿ ಮೂರು ಬಗೆ. ಕಾದಾಡುವ ಪಡೆಯ ಜತೆ ಯುದ್ಧ, ಚಕಮಕಿ, ಕಂದಕದ ಕಾದಾಟ ಅಥವಾ ಮುತ್ತಿಗೆಯಲ್ಲಿ ಭಾಗಿಯಾದವರಿಗೆ ಕತ್ತಿಗಳ ಶಿಲುಬೆ, ನಡುವೆ ಲಾರೆಲ್ ಮಾಲೆ. ಯುದ್ಧಸೇವೆ ಮಾಡಿಯೂ ರಣರಂಗ ಕಾಣದವರಿಗೆ ಕತ್ತಿಯಿಲ್ಲದ್ದು, ಓಕ್ ಎಲೆಯ ಮಾಲೆ. ಸತ್ತವರ, ಕಾಣೆಯಾದವರ ಹೆಂಡತಿಗೆ, ತಂದೆತಾಯಿಗೆ ಕಪ್ಪು ಬಣ್ಣದ್ದು. ಮೊದಲನೆಯದು 62 ಲಕ್ಷ ದಾಟಿತು, ಎರಡನೆಯದು 11 ಲಕ್ಷಕ್ಕೂ ಹೆಚ್ಚು, ಕಪ್ಪು ಶಿಲುಬೆ ಸುಮಾರು 7 ಲಕ್ಷ. ಈ ಮೂರನ್ನೂ ಮೊದಲ, ಎರಡನೆಯ, ಮೂರನೆಯ ದರ್ಜೆ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಬಡ್ತಿ ಇಲ್ಲ; ಯಾವುದು ಸಲ್ಲುತ್ತದೆಂದು ಹೇಳುವುದು ಸೇನಾ ದಾಖಲೆಯ ನಮೂದು.

ಕೈಯಲ್ಲಿ ಹಿಡಿದು ಪರೀಕ್ಷಿಸುವುದು ಹೀಗೆ. ಮೊದಲು ಆಯಸ್ಕಾಂತ. ಗೌರವ ಶಿಲುಬೆ ಸಾಮಾನ್ಯವಾಗಿ ಕಬ್ಬಿಣ, ಮೇಲೆ ಕಂಚಿನ ಲೇಪ, ಆಯಸ್ಕಾಂತ ಕಚ್ಚುತ್ತದೆ. ಕಚ್ಚದಿದ್ದರೆ ಮುಂದಿನ ಪರೀಕ್ಷೆ ಬಿಗಿ ಮಾಡುತ್ತೇನೆ. ಆಮೇಲೆ ವರ್ನಿಯರ್ ಕ್ಯಾಲಿಪರ್: ಅಡ್ಡಗಲ 37 ಮಿ.ಮೀ. ಅಸಲನ್ನೇ ಅಚ್ಚಿಗಿಟ್ಟು ಎರಕ ಹೊಯ್ದ ನಕಲು ತಣ್ಣಗಾಗುವಾಗ ಕುಗ್ಗುತ್ತದೆ. ತಾಮ್ರದ ಮಿಶ್ರಲೋಹ ಹೆಚ್ಚುಕಡಿಮೆ 1.5ರಿಂದ 2 ಶೇಕಡ ಕುಗ್ಗುವುದರಿಂದ 37ರ ಜಾಗದಲ್ಲಿ 36.3–36.4 ಸಿಗುತ್ತದೆ. ಅರ್ಧ ಮಿಲಿಮೀಟರ್ ಕಣ್ಣಿಗೆ ಕಾಣದು, ಕ್ಯಾಲಿಪರ್‌ಗೆ ಕಾಣುತ್ತದೆ. ಮೂರು ಕಡೆ ಅಳೆಯಿರಿ. ಬಗ್ಗಿದ ತೋಳಿನ ಮೇಲೆ ಒಂದೇ ಅಳತೆ ತೆಗೆದು ಒಳ್ಳೆಯ ಪದಕವನ್ನು ನಕಲೆಂದು ತಳ್ಳಿಹಾಕುವುದು ಸುಲಭ. 10 ಪಟ್ಟು ಭೂತಗನ್ನಡಿಯಲ್ಲಿ ಎಲೆಯ ನರ, ಅಂಕಿಯ ಅಂಚು ನೋಡಿ. ಒತ್ತಿ ಮಾಡಿದ್ದರಲ್ಲಿ ಅಂಚು ಚೂಪು. ಎರಕದ್ದರಲ್ಲಿ ಅಂಚು ಸವೆದ ಸೋಪಿನಂತೆ, ತಗ್ಗುಗಳಲ್ಲಿ ಸೂಜಿಮೊನೆಯಷ್ಟು ಗುಳಿ.

ಹಿಂಬದಿಯಲ್ಲಿ ತಯಾರಕರ ಗುರುತು ಇರುತ್ತದೆ: ಮೊದಲಕ್ಷರ, ಸಂಖ್ಯೆ, ಕೆಲವದರಲ್ಲಿ ಪ್ಫೋರ್ಟ್ಸ್‌ಹೈಮ್ ಎಂಬ ಊರಿನ ಹೆಸರು. ಎರಕದ ನಕಲಿನಲ್ಲಿ ಮೊದಲು ಕೆಡುವುದು ಈ ಪುಟ್ಟ ಅಕ್ಷರಗಳೇ.

ಕಪ್ಪು ಶಿಲುಬೆಯಲ್ಲಿ ಹೆಚ್ಚು ಎಚ್ಚರ ಬೇಕು. ಸಂಖ್ಯೆ ಕಡಿಮೆ, ಹಾಗಾಗಿ ಕತ್ತಿಯಿಲ್ಲದ ಕಂಚಿನ ಬಣ್ಣದ್ದಕ್ಕೆ ಕಪ್ಪು ಬಳಿದು ಮಾರುವ ಆಸೆ ಜಾಸ್ತಿ. ತೋಳಿನ ತುದಿಯಲ್ಲಿ ಬಣ್ಣ ಸವೆದ ಜಾಗ ನೋಡುತ್ತೇನೆ: ಕಪ್ಪಿನಡಿ ಕಂಚಿನ ಹೊಳಪು ಕಂಡರೆ ಅನುಮಾನದ ಪೆಟ್ಟಿಗೆಗೆ. ಅಂಕಿಗಳ ಮೂಲೆಯಲ್ಲಿ ಬಣ್ಣ ಕೆನೆಗಟ್ಟಿದ್ದರೂ ಅಷ್ಟೇ. ಕಪ್ಪು ಶಿಲುಬೆಯ ರಿಬ್ಬನ್‌ನಲ್ಲಿ ಬಣ್ಣಗಳ ಜೋಡಣೆಯೇ ಬೇರೆ. ಬಣ್ಣ ಬಳಿಯುವವರು ರಿಬ್ಬನ್ ಬದಲಿಸಲು ಮರೆಯುವುದುಂಟು. ಇನ್ನೊಂದು ಮಾತು: ಯಾವ ಶಿಲುಬೆಯನ್ನೂ ಪಾಲಿಷ್ ಹಾಕಿ ಉಜ್ಜಬೇಡಿ. ಕಂಚಿನ ಲೇಪ ತೆಳು, ಅದು ಹೋದರೆ ಒಳಗಿನ ಕಬ್ಬಿಣಕ್ಕೆ ಒಂದು ಮಳೆಗಾಲ ಸಾಕು.

ರಿಬ್ಬನ್ನಿಗೆ ನೇರಳಾತೀತ ಟಾರ್ಚ್ ಬಿಡುತ್ತೇನೆ. ಎರಡನೇ ಮಹಾಯುದ್ಧದ ನಂತರದ ದಾರ ಬೆಳ್ಳಗೆ ಹೊಳೆಯುತ್ತದೆ. ಆದರೆ ಹಳೆಯ ರಿಬ್ಬನ್ನನ್ನು ಈಗಿನ ಡಿಟರ್ಜೆಂಟಿನಲ್ಲಿ ತೊಳೆದಿದ್ದರೂ ಹೊಳೆಯುತ್ತದೆ. ಆದ್ದರಿಂದ ಹೊಳಪೊಂದನ್ನೇ ನಂಬಿ ತೀರ್ಪು ಕೊಡುವುದಿಲ್ಲ. ಹಿಂಬದಿಯ ಹೊಲಿಗೆ, ಬಟ್ಟೆಯ ಮಡಿಕೆ ಒಟ್ಟಿಗೆ ನೋಡುತ್ತೇನೆ.

ಪದಕಗಳನ್ನು ಸಾಲಾಗಿ ಹೊಲಿದ ಪಟ್ಟಿಯಲ್ಲೂ ಕಾಲ ಓದಬಹುದು. 1933ರ ನಂತರದ ಕಾಯ್ದೆಗಳು ಸಂಘದ ಪದಕಗಳನ್ನು ಸಮವಸ್ತ್ರದಿಂದ ಹೊರಗಿಟ್ಟವು. ಬಾಲ್ಟಿಕ್ ಪ್ರದೇಶದಲ್ಲಿ ಕಾದಾಡಿದವರ ಬಾಲ್ಟಿಕ್ ಶಿಲುಬೆ, ಸೈಲೀಷಿಯಾದ ಹದ್ದಿನಂಥ ಕೆಲವಕ್ಕೆ ಮಾತ್ರ ಮಾನ್ಯತೆ ಸಿಕ್ಕಿತು. ಸಂಘದ ಪದಕ ಮತ್ತು 1934ರ ಶಿಲುಬೆ ಒಂದೇ ಪಟ್ಟಿಯಲ್ಲಿ ಕೂತಿದ್ದರೆ ಎರಡರ ಹೊಲಿಗೆಯ ದಾರ ಒಂದೇಯೋ ಎಂದು ನೋಡುತ್ತೇನೆ. ನಿಯಮ ಮೀರಿ ಧರಿಸಿದವರೂ ಇದ್ದರು, ಹಾಗಾಗಿ ಒಟ್ಟಿಗೆ ಕಂಡ ಮಾತ್ರಕ್ಕೆ ನಕಲಲ್ಲ. ಹಂಗೆರಿಯ 1929ರ, ಆಸ್ಟ್ರಿಯದ 1932ರ, ಬಲ್ಗೇರಿಯದ 1933ರ ಸ್ಮಾರಕ ಪದಕಗಳೂ ಜರ್ಮನ್ ಪಟ್ಟಿಗಳಲ್ಲಿ ಬಹಳ ಕಾಣುತ್ತವೆ. ಅವು ಆ ಯುದ್ಧದಲ್ಲಿ ಜರ್ಮನಿಯ ಪಕ್ಷದಲ್ಲಿದ್ದ ದೇಶಗಳ ಸರ್ಕಾರಿ ಪದಕಗಳು, ಸಂಘದವಲ್ಲ.

ಕೊನೆಯ ಸಾಕ್ಷಿ ಕಾಗದ. ಹಿಂಡೆನ್‌ಬರ್ಗ್ 1934ರ ಆಗಸ್ಟ್ 2ರಂದೇ ತೀರಿಕೊಂಡರು. ಗೌರವ ಶಿಲುಬೆಯ ಪ್ರಮಾಣಪತ್ರ ಆರಂಭವಾಗುವುದು 'ಫ್ಯೂರರ್ ಮತ್ತು ರೈಶ್ ಚಾನ್ಸಲರ್ ಹೆಸರಿನಲ್ಲಿ' ಎಂಬ ಸಾಲಿನಿಂದ; ಕೆಳಗೆ ಶಿಲುಬೆ ಸ್ಥಾಪಿಸಿದವರೆಂದು ಹಿಂಡೆನ್‌ಬರ್ಗ್ ಹೆಸರು. ಎರಡೂ ಹೆಸರು ಕಂಡು ಗಾಬರಿಯಾಗಬೇಡಿ, ಇರಬೇಕಾದ್ದೇ ಹಾಗೆ. ಪಡೆದವರ ಹೆಸರು, ಊರು, ದಿನಾಂಕ, ಕ್ರಮಸಂಖ್ಯೆ, ಸ್ಥಳೀಯ ಅಧಿಕಾರಿಯ ಸಹಿ-ಮುದ್ರೆ ಇರುತ್ತವೆ. ಕತ್ತಿ ಇರುವ ಶಿಲುಬೆಯ ಜತೆ 'ಫ್ರಂಟ್‌ಕೆಂಪ್ಫರ್' (ರಣರಂಗದಲ್ಲಿ ಕಾದಾಡಿದವರು) ಎಂಬ ಪದವೇ ಇರಬೇಕು. 'ಕ್ರೀಗ್ಸ್‌ಟೈಲ್‌ನೇಮರ್' (ಯುದ್ಧದಲ್ಲಿ ಸೇವೆ ಮಾಡಿದವರು, ಕತ್ತಿಯಿಲ್ಲದ ಶಿಲುಬೆಯ ಪದ) ಎಂದಿದ್ದರೆ ಪದಕ ಬದಲಾಗಿದೆ ಎಂದೇ ಲೆಕ್ಕ, ಮಾರುವವರು ಏನೇ ಹೇಳಲಿ.