ಬೇಸಿಗೆ ರಜೆ ರಶ್ಶಿಗೆ ಅಂಗಡಿ ಲೇಔಟ್: ನಾನು ಮಾಡ್ಕೊಂಡು ಬಂದಿರೋ ರೀತಿ

ಬೇಸಿಗೆ ರಜೆ ಹತ್ರ ಬಂತು ಅಂದ್ರೆ ಸುಮಾರು ಅಂಗಡಿಯವರು ಮೊದಲು ಮಾಲಿಗೆ ಆರ್ಡರ್ ಹಾಕ್ತಾರೆ, ಎಲ್ಲಿಡೋದು ಅನ್ನೋದು ಬಾಕ್ಸ್ ಬಂದಿಳಿದ ಮೇಲೆ ಬರೋ ತಲೆನೋವು. ನಾನು ಉಲ್ಟಾ ಮಾಡ್ತೀನಿ. ಮೊದಲು ಜಾಗ ಖಾಲಿ ಮಾಡೋದು, ಆ ಜಾಗ ಎಷ್ಟು ಹಿಡಿಯತ್ತೋ ಅಷ್ಟಕ್ಕೇ ಆರ್ಡರ್. ನಂದು ಬಟ್ಟೆ, ಬ್ಯಾಗು, ಆಟದ ಸಾಮಾನು, ಸನ್‌ಸ್ಕ್ರೀನು, ಕೂಲ್ ಡ್ರಿಂಕ್ಸು ಎಲ್ಲಾ ಒಂದೇ ಸೂರಿನ ಕೆಳಗಿರೋ ಮಧ್ಯಮ ಸೈಜಿನ ಸ್ಟೋರು, ಗೋಡೆ ಹಿಂದಕ್ಕೆ ತಳ್ಳೋಕಂತೂ ಆಗಲ್ಲ. ರಜೇಲಿ ಬರೋ ಗಿರಾಕಿ ಮಾಮೂಲಿ ದಿನದವರ ಥರ ಇರಲ್ಲ, ಮನೆಮಂದಿಯೆಲ್ಲ ಒಟ್ಟಿಗೆ ಬರ್ತಾರೆ, ಒಬ್ಬರ ಕೈಲಿ ಸ್ಟ್ರಾಲರು ಇನ್ನೊಬ್ಬರ ಕೈಲಿ ಬೇರೆ ಅಂಗಡಿ ಚೀಲ, ಮಕ್ಕಳು ಒಂದೊಂದು ದಿಕ್ಕಿಗೆ, ಹೊರಗೆ ಬಿಸಿಲು, ಹೊರಡೋ ಗಡಿಬಿಡಿ. ಅಂಥವರಿಗೆ ಐಟಂ ಜಾಸ್ತಿ ಇದ್ರೆ ಖುಷಿ ಅನ್ನೋದಕ್ಕಿಂತ ಓಡಾಡೋಕೆ ಜಾಗ ಇದ್ರೆ ಖುಷಿ, ಇದು ನನ್ನ ಅಭಿಪ್ರಾಯ, ಒಪ್ಪದೇ ಇರೋರೂ ಇದಾರೆ.

ಸೀಸನ್ ಶುರುವಾಗೋಕೆ ಕೆಲವು ವಾರ ಮುಂಚೆ, ಒಂದು ವಾರಾಂತ್ಯದಲ್ಲಿ ಅಂಗಡಿ ನಕ್ಷೆ ಪೇಪರ್ ಮೇಲೆ ಬರ್ಕೊಂಡು ಮೂಲೇಲಿ ನಿಂತ್ಕೋತೀನಿ. ಬರೋ ಒಬ್ಬೊಬ್ಬರು ಎಲ್ಲಿ ತಿರುಗಿದ್ರು, ಎಲ್ಲಿ ನಿಂತ್ರು, ಎಲ್ಲಿಂದ ವಾಪಸ್ ಬಂದ್ರು ಅಂತ ಪೆನ್ಸಿಲಲ್ಲಿ ಗೆರೆ ಎಳೀತಾ ಹೋಗೋದು, ಅಷ್ಟೇ. ಸಂಜೆ ಹೊತ್ತಿಗೆ ಪೇಪರ್ ನೋಡಿದ್ರೆ ಕೆಲವು ಕಡೆ ಗೆರೆ ಮೇಲೆ ಗೆರೆ ಬಿದ್ದು ಕಪ್ಪಗಾಗಿರತ್ತೆ, ಕೆಲವು ರ‍್ಯಾಕ್ ಮುಂದೆ ಒಂದು ಗೆರೇನೂ ಇರಲ್ಲ. ಆ ಬೆಳ್ಳಗಿರೋ ಕಡೆ ಇರೋ ಮಾಲನ್ನೇ ನಾನು ಮೊದಲು ಎತ್ತೋದು. ಮಾರಾಟದ ರಿಪೋರ್ಟೂ ಪಕ್ಕದಲ್ಲಿ ಇಟ್ಕೋಬೇಕು, ಯಾಕಂದ್ರೆ ಒಂದು ಐಟಂ ಓಡ್ತಿಲ್ಲ ಅಂದ್ರೆ ಅದು ಬೇಡದ ಐಟಮ್ಮೋ ಇಲ್ಲಾ ಯಾರ ಕಣ್ಣಿಗೂ ಬೀಳದ ಐಟಮ್ಮೋ ಅಂತ ರಿಪೋರ್ಟ್ ಒಂದೇ ಹೇಳಲ್ಲ.

ರ‍್ಯಾಕ್ ಎಳೆಯೋಕೆ ಮುಂಚೆ ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸ್ತೀವಿ, ಹೊಸ ರ‍್ಯಾಕ್ ಎಲ್ಲಿಂದ ಎಲ್ಲೀವರೆಗೂ ಅಂತ. ಆಮೇಲೆ ಇಬ್ಬರು ಹುಡುಗರು ಎದುರುಬದುರು ಟ್ರಾಲಿ ತಳ್ಕೊಂಡು ಬರಬೇಕು, ತಾಗದೇ ಪಾಸ್ ಆದ್ರೆ ಸರಿ. ಮುಖ್ಯ ದಾರಿ 5 ಅಡಿ ಬಿಡ್ತೀನಿ, ಒಳಗಿನ ಸಾಲುಗಳಲ್ಲಿ 4 ಅಡಿ, ಎಷ್ಟೇ ಇಕ್ಕಟ್ಟಾದ್ರೂ 3 ಅಡಿಗಿಂತ ಕಮ್ಮಿ ಮಾಡಲ್ಲ, ಅದಕ್ಕಿಂತ ಕಮ್ಮಿ ಆದ್ರೆ ವೀಲ್‌ಚೇರ್ ಹೋಗೋದು ಕಷ್ಟ. ಇನ್ನೊಂದು, ಬಗ್ಗಿ ನೋಡಬೇಕಾದ ಮಾಲು, ಅಂದ್ರೆ ಕೆಳಗಿನ ಶೆಲ್ಫಲ್ಲಿರೋ ಚಪ್ಪಲಿ, ಬಕೆಟ್ಟು, ಇವನ್ನ ಕಿರಿದಾದ ಸಾಲಲ್ಲಿ ಇಡಬೇಡಿ. ಬಗ್ಗಿದವರಿಗೆ ಹಿಂದಿನಿಂದ ಎರಡು ಸಲ ಯಾರಾದ್ರೂ ತಾಗಿದ್ರೆ ಮುಗೀತು, ಕೈಲಿದ್ದಿದ್ದನ್ನ ಅಲ್ಲೇ ಇಟ್ಟು ಮುಂದೆ ಹೋಗ್ತಾರೆ. ಫೈರ್ ಎಕ್ಸಿಟ್ ಮುಂದೆ, ಕರೆಂಟ್ ಪ್ಯಾನೆಲ್ ಮುಂದೆ ಒಂದು ಬಾಕ್ಸೂ ಇರಕೂಡದು, ಇದರಲ್ಲಿ ಚರ್ಚೆನೇ ಇಲ್ಲ.

ಬಾಗಿಲ ವಿಷಯಕ್ಕೆ ಬಂದ್ರೆ, ಬಿಸಿಲಿಂದ ಒಳಗೆ ಬಂದವರಿಗೆ ಮೊದಲ ನಾಲ್ಕೈದು ಹೆಜ್ಜೆ ಏನೂ ಕಾಣಲ್ಲ, ಕಣ್ಣು ಹೊಂದ್ಕೋಬೇಕು, ಮಕ್ಕಳನ್ನ ಹಿಡ್ಕೋಬೇಕು, ಕೂಲಿಂಗ್ ಗ್ಲಾಸ್ ತೆಗೀಬೇಕು. ಅಲ್ಲಿ ಆಫರ್ ಬೋರ್ಡ್ ನಿಲ್ಲಿಸಿದ್ರೆ ದಂಡ, ಅದನ್ನ ಒಳಗೆ ಎಳ್ಕೊಂಡೆ. ಬಾಸ್ಕೆಟ್ಟೂ ಅಷ್ಟೇ, ಬಾಗಿಲಲ್ಲಿ ಒಂದು ಅಟ್ಟಿ ಇರ್ಲಿ, ಆದ್ರೆ ಅಂಗಡಿ ಮಧ್ಯದಲ್ಲೂ ಒಂದೆರಡು ಕಡೆ ಇಡ್ತೀನಿ, ಕೈಲಿ ಮೂರು ಐಟಂ ಆದ್ಮೇಲೇನೇ ಜನಕ್ಕೆ ಬಾಸ್ಕೆಟ್ ನೆನಪಾಗೋದು.

1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅನ್ನೋರು ಪಿಗ್ಲಿ ವಿಗ್ಲಿ ಅಂತ ಸೆಲ್ಫ್ ಸರ್ವಿಸ್ ಅಂಗಡಿ ತೆಗೆದಾಗ ಗಿರಾಕಿ ಗೇಟಿಂದ ಒಳಗೆ ಹೋದ್ರೆ ಎಲ್ಲಾ ಸಾಲು ಸುತ್ತಿಕೊಂಡೇ ಕ್ಯಾಶ್ ಹತ್ರ ಬರಬೇಕಿತ್ತು. ಈಗ್ಲೂ ಕೆಲವರಿಗೆ ಆ ಒಂದೇ ದಾರಿ ಐಡಿಯಾ ಇಷ್ಟ. ರಜೆ ರಶ್ಶಲ್ಲಿ ನನಗಂತೂ ಬೇಡಪ್ಪ, ಮಗು ಅಳ್ತಿರೋ ತಾಯಿಗೆ ಒಂದು ಸನ್‌ಸ್ಕ್ರೀನ್‌ಗೋಸ್ಕರ ಇಡೀ ಅಂಗಡಿ ಸುತ್ತಿಸಿದ್ರೆ ಮುಂದಿನ ಸಲ ಅವರು ಪಕ್ಕದಂಗಡಿಗೆ ಹೋಗ್ತಾರೆ. ಅದಕ್ಕೇ ಉದ್ದದ ಸಾಲುಗಳನ್ನ ಮಧ್ಯದಲ್ಲಿ ಕತ್ತರಿಸಿ ಅಡ್ಡದಾರಿ ಬಿಡ್ತೀನಿ. ಹಾಗೆ ಕತ್ತರಿಸಿದಾಗ ಹೊಸದಾಗಿ ಸಾಲಿನ ತುದಿಗಳು ಸಿಗತ್ವೆ, ಎಂಡ್ ಕ್ಯಾಪ್ ಅಂತಾರಲ್ಲ ಅದು, ಅಂಗಡೀಲಿ ಅತಿ ಬೆಲೆಬಾಳೋ ಜಾಗ ಅದೇ. ಅಲ್ಲಿ ಹತ್ತು ಥರ ತುಂಬೋ ಆಸೆ ಆಗತ್ತೆ, ಆದ್ರೆ ಒಂದು, ಹೆಚ್ಚಂದ್ರೆ ಎರಡು ಐಟಂ, ರಾಶಿ ಕಾಣೋ ಹಾಗೆ.

ಸೀಸನ್ ಮಾಲನ್ನ ನಾನು ಕೆಟಗರಿ ಪ್ರಕಾರ ಹಂಚಲ್ಲ, ಕೆಲಸದ ಪ್ರಕಾರ ಒಟ್ಟು ಮಾಡ್ತೀನಿ. ಈಜೋಕೆ ಹೋಗೋರಿಗೆ ಗಾಗಲ್ಸು, ಕ್ಯಾಪು, ಟವೆಲ್ಲು, ವಾಟರ್‌ಪ್ರೂಫ್ ಪೌಚು ಎಲ್ಲಾ ಒಂದೇ ಬೇಯಲ್ಲಿ, ಬೇ ಅಂದ್ರೆ ರ‍್ಯಾಕಿನ ಒಂದು ಭಾಗ. ಪ್ರಯಾಣಕ್ಕೆ ಟ್ರಾಲಿ ಬ್ಯಾಗ್ ಪಕ್ಕದಲ್ಲೇ ಬೀಗ, ಕತ್ತು ದಿಂಬು, ಸಣ್ಣ ಸೈಜಿನ ಶಾಂಪೂ, ಪೇಸ್ಟು. ಸನ್‌ಸ್ಕ್ರೀನ್ ಎರಡೂ ಕಡೆ ಇರ್ಲಿ, ಒಂದೇ ಐಟಂ ಎರಡು ಜಾಗದಲ್ಲಿ ಇಡೋದು ತಪ್ಪೇನಲ್ಲ, ಸ್ಟಾಕ್ ಎಣಿಸೋರು ಗೊಣಗ್ತಾರೆ ಅಷ್ಟೇ. ದೊಡ್ಡವರ ಕಣ್ಣಿನ ಮಟ್ಟ 4ರಿಂದ 5 ಅಡಿ, ಅಲ್ಲಿ ಹೆಚ್ಚು ಓಡೋ ಮಾಲು, ಆಟದ ಸಾಮಾನು 2–3 ಅಡಿ ಎತ್ತರದಲ್ಲಿ, ಒಡೆಯೋ ಮಾಲು ಮಾತ್ರ ಮಕ್ಕಳ ಕೈಗೆ ಸಿಗದ ಹಾಗೆ ಮೇಲೆ.

ಬಿಸಿಲಿನ ಲೆಕ್ಕಾನ ಬಹಳ ಜನ ಬಿಟ್ಟುಬಿಡ್ತಾರೆ. ಗಾಜಿನ ಮುಂಭಾಗಕ್ಕೆ ಮಧ್ಯಾಹ್ನ ಎಷ್ಟು ಹೊತ್ತಿಂದ ಎಷ್ಟು ಹೊತ್ತಿನವರೆಗೆ ನೇರ ಬಿಸಿಲು ಬೀಳತ್ತೆ ಅಂತ ಒಂದು ದಿನ ನೋಡಿ. ಚಾಕೊಲೇಟಲ್ಲಿರೋ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆಲ್ಲಾ ಕರಗತ್ತೆ, ಅದಕ್ಕೂ ಮುಂಚೇನೇ ಮೆತ್ತಗಾಗಿ ಆಕಾರ ಕೆಡತ್ತೆ. ಡಿಯೋಡರೆಂಟ್, ಸ್ಪ್ರೇ ಕ್ಯಾನ್ ಮೇಲೆ 50 ಡಿಗ್ರಿ ಮೀರಬಾರದು, ಬಿಸಿಲಲ್ಲಿ ಇಡಬಾರದು ಅಂತ ಪ್ರಿಂಟೇ ಇರತ್ತೆ, ಮುಚ್ಚಿದ ಗಾಜಿನ ಶೋಕೇಸಲ್ಲಿ ಎಷ್ಟು ಕಾಯತ್ತೆ ಅಂತ ನೀವೇ ಕೈ ಇಟ್ಟು ನೋಡಿ. ಹಾಗಾಗಿ ನನ್ನ ಕಿಟಕೀಲಿ ಖಾಲಿ ಸೂಟ್‌ಕೇಸು, ಬೀಚ್ ಬಾಲು, ಇಂಥವೇ. ಬಟ್ಟೆ ಹಾಕಿದ್ರೆ ವಾರಕ್ಕೊಮ್ಮೆ ಬದಲಾಯಿಸ್ತೀನಿ, ಇಲ್ಲಾಂದ್ರೆ ಮಡಿಕೆ ಜಾಗದಲ್ಲಿ ಬಣ್ಣ ಹೋಗಿ ಗೆರೆ ಬೀಳತ್ತೆ. ಡ್ರಿಂಕ್ಸ್ ಫ್ರಿಜ್ಜನ್ನ ಗೋಡೆಗೆ ಅಂಟಿಸಿ ತಳ್ಳೋಕೆ ಹೋಗ್ಬೇಡಿ, ಹಿಂದಿನ ಬಿಸಿಗಾಳಿ ಹೋಗೋಕೆ ದಾರಿ ಬೇಕು. ಐಸ್‌ಕ್ರೀಮ್ ಫ್ರೀಜರ್ ಒಳಗೆ ಲೋಡ್ ಲೈನ್ ಅಂತ ಗೆರೆ ಇರತ್ತೆ, ಅದರ ಮೇಲೆ ತುಂಬಿದ್ರೆ ಮೇಲಿನದ್ದು ಮೈನಸ್ 18ಕ್ಕೆ ನಿಲ್ಲಲ್ಲ. ಎರಡು ಫ್ರಿಜ್ಜು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ, ದಯವಿಟ್ಟು ಬೇಡ.

ಬಿಲ್ಲಿಂಗ್ ಹತ್ರ ಕ್ಯೂ ಒಂದೇ ಮಾಡಿದೀನಿ, ಮುಂದೆ ಯಾವ ಕೌಂಟರ್ ಖಾಲಿ ಆಗತ್ತೋ ಅಲ್ಲಿಗೆ ಹೋಗೋದು. ನೋಡೋಕೆ ಉದ್ದ ಕಾಣತ್ತೆ, ಆದ್ರೆ ಪಕ್ಕದ ಸಾಲು ಬೇಗ ಹೋಗ್ತಿದೆ ಅನ್ನೋ ಜಗಳ ಇರಲ್ಲ. ಕ್ಯೂ ಯಾವ ಕಡೆ ಬೆಳೆಯತ್ತೆ ಅಂತ ಮೊದಲೇ ಲೆಕ್ಕ ಹಾಕಿ ಆ ಕಡೆ ನಿಂತು ಆರಿಸೋ ಮಾಲು ಇಡಬಾರದು, ಕೈಗೆ ಸಿಕ್ಕಿದ್ದನ್ನ ಹಾಕ್ಕೊಳ್ಳೋ ಸಣ್ಣಪುಟ್ಟದ್ದು ಮಾತ್ರ, ಬ್ಯಾಟರಿ, ವೆಟ್ ವೈಪ್ಸು, ತಣ್ಣಗಿನ ನೀರು.

ಎಲ್ಲಾ ಸೆಟ್ ಆದ್ಮೇಲೆ ಒಂದೊಂದು ರ‍್ಯಾಕ್‌ದೂ ಫೋಟೋ ತೆಗೆದು ಹುಡುಗರ ಗ್ರೂಪಿಗೆ ಹಾಕ್ತೀನಿ, ರಾತ್ರಿ ಬಾಗಿಲು ಹಾಕೋ ಮುಂಚೆ ಆ ಫೋಟೋ ಥರ ವಾಪಸ್ ಬರಬೇಕು, ಅಷ್ಟೇ ರೂಲ್ಸು. ಹಿಂದಿನ ಗೋಡೌನಲ್ಲಿ ಬೇಗ ಓಡೋದು ಬಾಗಿಲ ಹತ್ರ, ಮೆಲ್ಲಗೆ ಓಡೋದು ಒಳಗೆ. ರಜೆ ಮುಗಿಯೋಕೆ ಎರಡು ಮೂರು ವಾರ ಇರೋವಾಗ್ಲೇ ಈಜು ಬೇಯಿಂದ ಅರ್ಧ ಕಿತ್ತು ಸ್ಕೂಲ್ ಬ್ಯಾಗು, ನೋಟ್‌ಬುಕ್ಕು, ಟಿಫನ್ ಬಾಕ್ಸ್ ಹಾಕೋಕೆ ಶುರು ಮಾಡ್ತೀನಿ, ಉಳಿದ ಗಾಗಲ್ಸು ಕ್ಯಾಪುಗಳು ಡಿಸ್ಕೌಂಟ್ ಬುಟ್ಟಿಗೆ, ಅದೂ ಬಾಗಿಲಲ್ಲಿ ಬೇಡ, ಒಳಗಡೆ ಹಿಂದಿನ ಗೋಡೆ ಹತ್ರ.